ಹತ್ತು ಜನರಲ್ಲಿ ಒಬ್ಬರು ದಡ್ಡರಾಗಲೇಬೇಕೆ?

ಮಗನೋ ಮಗಳೋ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಸೇರಿದರೆಂದರೆ ಸಾಕು, ನಮ್ಮಂಥ ಸಣ್ಣ ಊರುಗಳಲ್ಲಿ ಬಂದವರು ಹೋದವರೆಲ್ಲ ಕೇಳುವುದು ಮೂರೇ ಪ್ರಶ್ನೆ. ಸಂಬಳ ಎಷ್ಟು? ಶನಿವಾರ ರಜವೇ? ಫಾರಿನ್‌ಗೆ ಕಳಿಸುತ್ತಾರಾ? ಅಲ್ಲಿ ಒಬ್ಬರು ಇನ್ನೊಬ್ಬರ ಜೊತೆ ಹೇಗಿರುತ್ತಾರೆ, ಮೇಲಿನವರು ಕೆಳಗಿನವರನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಹೆಣ್ಣು ಕೊಡುವಾಗ ಮಾತ್ರ ಮನೆತನ ಹೇಗೆ, ಅತ್ತೆಯ ಸ್ವಭಾವ ಹೇಗೆ ಎಂದು ನಾಲ್ಕು ಕಡೆ ವಿಚಾರಿಸುತ್ತೇವೆ. ದಿನಕ್ಕೆ ಒಂಬತ್ತು ಹತ್ತು ಗಂಟೆ ನಮ್ಮ ಮಕ್ಕಳು ಬಾಳುವ ಇನ್ನೊಂದು ಮನೆ ಆಫೀಸೇ ಅಲ್ಲವೆ? ಅದರ ಮನೆತನವನ್ನೂ ವಿಚಾರಿಸಬೇಡವೆ, ನೀವೇ ಹೇಳಿ.

ನಾನು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಕಂಪ್ಯೂಟರಿನ ಒಳಗುಟ್ಟು ನನಗೆ ತಿಳಿಯದು. ಆದರೆ ಹತ್ತು ಜನರಿರುವ ಮನೆಯಲ್ಲಿ ಸೊಸೆಯಾಗಿ ಇಪ್ಪತ್ತೈದು ವರ್ಷ ಕಳೆದವಳಿಗೆ ಜನ ಕೂಡಿ ಕೆಲಸ ಮಾಡುವುದು ಎಂದರೇನು ಎಂಬುದು ಸ್ವಲ್ಪ ತಿಳಿಯುತ್ತದೆ. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ನನ್ನ ಮಗಳು ಎರಡು ವರ್ಷದಿಂದ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾಳೆ. ಅದರ ಹೆಸರು ಇಲ್ಲಿ ಬೇಡ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಫೋನ್ ಮಾಡಿದವಳು ಮಾತಿನ ನಡುವೆ, "ಅಮ್ಮಾ, ಹೊಸದಾಗಿ ಬಂದಿರೋ ಹುಡುಗಿಗೆ ನಾನು ಎಲ್ಲಾ ಹೇಳಿಕೊಡೋದಿಲ್ಲ. ಹೇಳಿಕೊಟ್ಟರೆ ಅವಳು ಮೇಲೆ ಹೋಗ್ತಾಳೆ, ನಾನು ಕೆಳಗೆ ಬರ್ತೀನಿ" ಎಂದಳು. ನನಗೆ ಎದೆ ಧಸಕ್ಕೆಂದಿತು. ಪಿ.ಯು.ಸಿ. ಓದುವಾಗ ಪಕ್ಕದ ಮನೆಯ ಮೂರು ಮಕ್ಕಳನ್ನು ನಮ್ಮ ಜಗಲಿಯಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದ ಹುಡುಗಿ ಇವಳು. ಎರಡೇ ವರ್ಷದಲ್ಲಿ ಹೀಗೆ ಮಾತಾಡಲು ಅವಳಿಗೆ ಕಲಿಸಿದವರು ಯಾರು?

ದೀಪಾವಳಿಗೆ ಬಂದಾಗ ಕೂರಿಸಿಕೊಂಡು ಕೇಳಿದೆ. ಅವಳ ಮೇಲಿನ ಅಧಿಕಾರಿ ಅವಳ ಕೆಲಸವನ್ನು ಹೊಗಳಿದ್ದರಂತೆ. ಆದರೂ ವರ್ಷದ ಕೊನೆಗೆ "ಸಾಧಾರಣ" ಎಂಬ ದರ್ಜೆ ಬಂತಂತೆ. ಏಕೆಂದರೆ "ಉತ್ತಮ" ಎಂದು ಬರೆಯಬೇಕಾದ ಜಾಗಗಳು ಆಗಲೇ ಭರ್ತಿಯಾಗಿದ್ದವು! ಇದಕ್ಕೆ ಬೆಲ್ ಕರ್ವ್ ಎನ್ನುತ್ತಾರಂತೆ. ಕಾಗದದ ಮೇಲೆ ಬರೆದು ತೋರಿಸಿದಳು. ದೇವಸ್ಥಾನದ ಗಂಟೆಯ ಆಕಾರ. ಒಂದು ತುದಿಯಲ್ಲಿ ನಾಲ್ಕು ಜನ ಬುದ್ಧಿವಂತರು, ನಡುವೆ ಸಾಧಾರಣದವರ ದೊಡ್ಡ ಗುಂಪು, ಇನ್ನೊಂದು ತುದಿಯಲ್ಲಿ ನಾಲ್ಕು ಜನ ಕೆಲಸಕ್ಕೆ ಬಾರದವರು. ಇಷ್ಟಿಷ್ಟು ಜನ ಇಂಥಿಂಥ ಜಾಗದಲ್ಲಿ ಇರಲೇಬೇಕು ಎಂದು ಮೊದಲೇ ಗೊತ್ತುಮಾಡಿಟ್ಟಿರುತ್ತಾರೆ. ಎಲ್ಲರೂ ಚೆನ್ನಾಗಿ ಕೆಲಸ ಮಾಡಿದರೂ ಅಷ್ಟೇ. ಕೊನೆಗೆ ಬೀಳಲು ಯಾರಾದರೂ ಬೇಕು.

"ಇದು ನಮ್ಮ ಕಂಪನಿಯ ಕಥೆ ಮಾತ್ರ ಅಲ್ಲಮ್ಮ. ಮೈಕ್ರೋಸಾಫ್ಟೇ ಇದನ್ನು ವರ್ಷಗಟ್ಟಲೆ ಮಾಡಿ, ಕೈ ಸುಟ್ಟುಕೊಂಡು, ಬಿಟ್ಟುಬಿಟ್ಟಿದೆ" ಎಂದಳು ಮಗಳು. ನಮ್ಮ ಊರಿನ ಬ್ಯಾಂಕು, ಪಂಚಾಯ್ತಿ ಆಫೀಸು ಎಲ್ಲ ಕಡೆಯ ಕಂಪ್ಯೂಟರಿನಲ್ಲಿ ಕಾಣುವ ವಿಂಡೋಸ್ ಮಾಡಿದ ಕಂಪನಿ ಅದು. ಆ ಕಥೆಯನ್ನು ಪೂರ್ತಿ ಕೇಳಬೇಕೆನ್ನಿಸಿತು. ಅವಳು ರಜೆಯಲ್ಲಿದ್ದಷ್ಟು ದಿನ ಓದಿ ಹೇಳಿದಳು, ನಾನು ಕೇಳಿದೆ.

ಮೈಕ್ರೋಸಾಫ್ಟನ್ನು ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಎಂಬ ಇಬ್ಬರು ಬಾಲ್ಯದ ಗೆಳೆಯರು 1975ರಲ್ಲಿ ಅಮೆರಿಕದ ಆಲ್ಬುಕರ್ಕಿ ಎಂಬ ಊರಿನಲ್ಲಿ ಆರಂಭಿಸಿದರು. ಗೇಟ್ಸ್ ಅವರಿಗೆ ಆಗ ಹಗಲು ರಾತ್ರಿ ಕೆಲಸದ್ದೇ ಧ್ಯಾನ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ತಿಳಿಯಲು ನೌಕರರ ಕಾರಿನ ನಂಬರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರಂತೆ. ಇದನ್ನು ಅವರೇ 2016ರಲ್ಲಿ ಬಿ.ಬಿ.ಸಿ. ರೇಡಿಯೋದಲ್ಲಿ ಹೇಳಿಕೊಂಡಿದ್ದಾರೆ. ಸೊಸೆ ಎದ್ದ ಹೊತ್ತನ್ನು ಮಲಗಿದಲ್ಲಿಂದಲೇ ಲೆಕ್ಕ ಹಾಕುವ ಅತ್ತೆಯರು ಎಲ್ಲ ದೇಶದಲ್ಲೂ ಇದ್ದಾರೆ ಎಂದಾಯಿತು!

ಮುಂದೆ ಕಂಪನಿ ಬೆಳೆದಾಗ ಈ ದರ್ಜೆ ಕಟ್ಟುವ ಪದ್ಧತಿ ಬಂತು. ಇಂಥ ಪದ್ಧತಿಗೆ ಹೆಸರು ತಂದವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಜ್ಯಾಕ್ ವೆಲ್ಚ್. 1981ರಿಂದ 2001ರವರೆಗೆ ಆ ಕಂಪನಿಯ ಯಜಮಾನಿಕೆ ನಡೆಸಿದವರು. ಮೇಲಿನ ನೂರಕ್ಕೆ 20 ಜನರನ್ನು ಮುದ್ದಿಸಬೇಕು, ನಡುವಿನ 70 ಜನರನ್ನು ದುಡಿಸಬೇಕು, ಕೆಳಗಿನ 10 ಜನರನ್ನು ಹೊರಗೆ ಕಳಿಸಬೇಕು ಎಂಬುದು ಅವರ ಲೆಕ್ಕ. ಮೈಕ್ರೋಸಾಫ್ಟಿನಲ್ಲೂ ಹೆಚ್ಚುಕಡಿಮೆ ಇದೇ ಕ್ರಮ. ಹತ್ತು ಜನರ ತಂಡಕ್ಕೆ ಸೇರಿದ ಮೊದಲ ದಿನವೇ, ಇಲ್ಲಿ ಎಲ್ಲರೂ ಎಷ್ಟೇ ಜಾಣರಾಗಿರಲಿ, ಇಬ್ಬರಿಗೆ ಒಳ್ಳೆಯ ದರ್ಜೆ, ಏಳು ಜನಕ್ಕೆ ಸಾಧಾರಣ, ಒಬ್ಬರಿಗೆ ಕಳಪೆ ಎಂದು ಗೊತ್ತಿರುತ್ತಿತ್ತು ಎಂದು ಅಲ್ಲಿ ಕೆಲಸ ಮಾಡಿದ್ದ ಒಬ್ಬರು ಹೇಳಿದ್ದನ್ನು 2012ರಲ್ಲಿ ಅಮೆರಿಕದ ವ್ಯಾನಿಟಿ ಫೇರ್ ಪತ್ರಿಕೆ ಬರೆಯಿತು.

ನಮ್ಮ ಸಾಗರದ ಕಡೆ ಅಡಿಕೆ ಸುಲಿಯುವ ದಿನಗಳನ್ನು ನೀವು ನೋಡಿರಬಹುದು. ರಾತ್ರಿ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತಿರುತ್ತಾರೆ. ಕೂಲಿ ಅಳತೆಯ ಮೇಲೆ. ಚುರುಕು ಕೈಯವಳಿಗೆ ಹೆಚ್ಚು, ನಿಧಾನದವಳಿಗೆ ಕಡಿಮೆ. ಅದು ನ್ಯಾಯವೇ. ಆದರೆ ಹೊಸ ಹುಡುಗಿ ಬಂದು ಕೂತರೆ ಕತ್ತಿಗೆ ಕಾಯಿ ಹೇಗೆ ಒತ್ತಬೇಕು, ಬೆರಳು ಎಲ್ಲಿಡಬೇಕು ಎಂದು ಹಳಬಳೇ ತೋರಿಸುತ್ತಾಳೆ. ತೋರಿಸಿದ್ದರಿಂದ ಅವಳ ಕೂಲಿಗೇನೂ ಮುಕ್ಕಾಗುವುದಿಲ್ಲ. ಈಗ ಮನೆಯ ಯಜಮಾನರು ಬಂದು, "ಎಷ್ಟೇ ಸುಲಿಯಿರಿ, ಎಲ್ಲರಿಗಿಂತ ಹಿಂದೆ ಬಿದ್ದವಳು ನಾಳೆಯಿಂದ ಬರಬೇಡ" ಎಂದು ಹೇಳಿದರೆ ಏನಾದೀತು? ಮರುದಿನದಿಂದ ಹೊಸಬಳಿಗೆ ಬೆರಳು ಕೊಯ್ದುಕೊಂಡರೂ ತೋರಿಸಿಕೊಡುವವರು ಇರಲಾರರು. ಕಥೆ, ಹಾಡು, ನಗು ಎಲ್ಲ ನಿಂತುಹೋಗುತ್ತದೆ. ಅಂಗಳದಲ್ಲಿ ಅಡಿಕೆ ಮಾತ್ರ ಹಾಗೆಯೇ ಉಳಿಯುತ್ತದೆ.

ಅಲ್ಲಿ ಆದದ್ದೂ ಇದೇ. ಒಳ್ಳೆಯ ಎಂಜಿನಿಯರುಗಳು ಇನ್ನೊಬ್ಬ ಒಳ್ಳೆಯ ಎಂಜಿನಿಯರ್ ಇರುವ ತಂಡಕ್ಕೆ ಹೋಗಲು ಹಿಂಜರಿಯುತ್ತಿದ್ದರಂತೆ. ಗೊತ್ತಿದ್ದನ್ನು ಪೂರ್ತಿ ಹೇಳದೆ, ಕೆಟ್ಟವರೆನಿಸದಷ್ಟು ಮಾತ್ರ ಹೇಳುತ್ತಿದ್ದರಂತೆ. ಹೊರಗಿನ ಕಂಪನಿಗಳ ಜೊತೆ ಸ್ಪರ್ಧಿಸಬೇಕಾದವರು ಪಕ್ಕದ ಮೇಜಿನವರ ಜೊತೆ ಸ್ಪರ್ಧಿಸಿದರು. ಅದೇ ವರ್ಷಗಳಲ್ಲಿ, ಅಂದರೆ 2007ರಲ್ಲಿ, ಆಪಲ್ ಕಂಪನಿ ಐಫೋನ್ ತಂದಿತು. ಮೊಬೈಲ್ ಫೋನಿನ ಓಟದಲ್ಲಿ ಮೈಕ್ರೋಸಾಫ್ಟ್ ಹಿಂದೆ ಬಿತ್ತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಒಳಜಗಳವಿರುವ ಮನೆಗೆ ಹೊರಗಿನ ಬಾಗಿಲು ಬಡಿದ ಸದ್ದು ಕೇಳಿಸುವುದಾದರೂ ಹೇಗೆ?

ಇನ್ನೊಂದು ಸಂಗತಿ ಕೇಳಿ. 1980ರ ದಶಕದ ಕೊನೆಯಲ್ಲಿ ಅಲ್ಲಿ ಸಾಕಷ್ಟು ಜನ "ತಾತ್ಕಾಲಿಕ" ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ದುಡಿಯುತ್ತಿದ್ದರು. ಅದೇ ಕಟ್ಟಡ, ಅದೇ ಕೆಲಸ, ಅದೇ ಮೇಲಧಿಕಾರಿ. ಆದರೆ ಎದೆಯ ಮೇಲಿನ ಬ್ಯಾಡ್ಜಿನ ಬಣ್ಣ ಬೇರೆ. ಖಾಯಂ ನೌಕರರಿಗೆ ಸಿಗುತ್ತಿದ್ದ ಕಂಪನಿಯ ಷೇರು, ಇತರ ಸೌಲಭ್ಯ ಇವರಿಗಿಲ್ಲ. ಕಂಪನಿಯ ಸಮಾರಂಭಗಳಿಗೂ ಇವರನ್ನು ಕರೆಯುತ್ತಿರಲಿಲ್ಲ. ಮದುವೆ ಮನೆಯಲ್ಲಿ ಬೆಳಗಿನಿಂದ ಒಲೆಯ ಮುಂದೆ ಬೆಂದವಳನ್ನು ಪಂಕ್ತಿಗೆ ಕರೆಯದೆ ಇದ್ದ ಹಾಗೆ. ಅವರು 1992ರಲ್ಲಿ ಕೋರ್ಟಿಗೆ ಹೋದರು. 2000ದ ಡಿಸೆಂಬರಿನಲ್ಲಿ ಕಂಪನಿ 9 ಕೋಟಿ 70 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಎಂಟು ವರ್ಷ ಪಟ್ಟು ಹಿಡಿದು ಕೂತ ಆ ಜನರನ್ನು ಮೆಚ್ಚಬೇಕು.

ಹೊರಗಿನವರ ಜೊತೆಯ ವ್ಯಾಪಾರವೂ ಹಾಗೆಯೇ ಇತ್ತು. ಸಕ್ಕರೆ ಬೇಕೆಂದರೆ ಸೋಪನ್ನೂ ತೆಗೆದುಕೊಳ್ಳಲೇಬೇಕು ಎನ್ನುವ ಅಂಗಡಿಯವರನ್ನು ನಾವು ನೋಡಿಲ್ಲವೆ? ವಿಂಡೋಸ್ ಜೊತೆಗೆ ತನ್ನದೇ ಇಂಟರ್ನೆಟ್ ಬ್ರೌಸರನ್ನು ಕಟ್ಟಿಕೊಟ್ಟು ಬೇರೆಯವರಿಗೆ ಜಾಗವಿಲ್ಲದಂತೆ ಮಾಡುತ್ತಿದೆ ಎಂದು ಅಮೆರಿಕ ಸರ್ಕಾರವೇ 1998ರಲ್ಲಿ ಮೊಕದ್ದಮೆ ಹೂಡಿತು. 2000ದಲ್ಲಿ ನ್ಯಾಯಾಧೀಶರು ಕಂಪನಿಯನ್ನು ಎರಡು ಹೋಳು ಮಾಡಿ ಎಂದರು. ಮರುವರ್ಷ ಮೇಲಿನ ಕೋರ್ಟು ಆ ಆಜ್ಞೆಯನ್ನು ತೆಗೆದುಹಾಕಿದರೂ, ಕಂಪನಿ ಕಾನೂನು ಮೀರಿ ತನ್ನ ಏಕಸ್ವಾಮ್ಯ ಕಾಪಾಡಿಕೊಂಡದ್ದು ನಿಜವೆಂದು ಹೇಳಿತು. ಇನ್ನೊಬ್ಬರನ್ನು ಕೆಳಗೆ ಬೀಳಿಸಿಯೇ ಮೇಲೇರಬೇಕು ಎಂಬ ಪಾಠ ಮನೆಯ ಒಳಗೂ ಒಂದೇ, ಹೊರಗೂ ಒಂದೇ.

ಕೊನೆಗೆ ಈ ದರ್ಜೆಯ ಪದ್ಧತಿ ಹೋದದ್ದು 2013ರ ನವೆಂಬರಿನಲ್ಲಿ. ಇನ್ನು ಮೇಲೆ ಬೆಲ್ ಕರ್ವ್ ಇಲ್ಲ, ದರ್ಜೆಯೂ ಇಲ್ಲ ಎಂದು ನೌಕರರಿಗೆ ಪತ್ರ ಬರೆದವರು ಆಗ ಸಿಬ್ಬಂದಿ ವಿಭಾಗದ ಮುಖ್ಯಸ್ಥೆಯಾಗಿದ್ದ ಲೀಸಾ ಬ್ರಮ್ಮೆಲ್, ಒಬ್ಬ ಹೆಂಗಸು. ಅದರ ಬದಲು ನೋಡುವುದು ಮೂರು ವಿಷಯ. ನೀನು ಏನು ಮಾಡಿದೆ? ಇನ್ನೊಬ್ಬರ ಕೆಲಸಕ್ಕೆ ಹೇಗೆ ನೆರವಾದೆ? ಇನ್ನೊಬ್ಬರು ಮಾಡಿಟ್ಟದ್ದನ್ನು ಹೇಗೆ ಬಳಸಿಕೊಂಡೆ? ಇದನ್ನು ಕೇಳಿ ನನಗೆ ನಗು ಬಂತು. ಓರಗಿತ್ತಿ ರುಬ್ಬಿಟ್ಟ ಹಿಟ್ಟಿನಲ್ಲಿ ನಾನು ದೋಸೆ ಹುಯ್ಯುತ್ತೇನೆ, ನಾನು ಮಾಡಿಟ್ಟ ಸಾರಿನ ಪುಡಿಯಲ್ಲಿ ಅವಳು ಸಾರು ಮಾಡುತ್ತಾಳೆ. ನಮ್ಮ ಅಡಿಗೆಮನೆ ನಡೆಯುವುದೇ ಹೀಗೆ!

ಮೂರು ತಿಂಗಳ ನಂತರ, 2014ರ ಫೆಬ್ರವರಿಯಲ್ಲಿ, ಸತ್ಯ ನಾದೆಲ್ಲ ಮುಖ್ಯಸ್ಥರಾದರು. ಹೈದರಾಬಾದಿನವರು. ಎಂಜಿನಿಯರಿಂಗ್ ಓದಿದ್ದು ನಮ್ಮ ಮಣಿಪಾಲದಲ್ಲಿ. 1992ರಲ್ಲಿ ಅವರು ಆ ಕೆಲಸದ ಸಂದರ್ಶನಕ್ಕೆ ಹೋದಾಗ, "ಮಗುವೊಂದು ರಸ್ತೆಯಲ್ಲಿ ಬಿದ್ದು ಅಳುತ್ತಿದ್ದರೆ ಏನು ಮಾಡುತ್ತೀರಿ?" ಎಂದು ಕೇಳಿದರಂತೆ. ಇವರು, ತುರ್ತು ಸಹಾಯಕ್ಕೆ ಫೋನ್ ಮಾಡುತ್ತೇನೆ ಎಂದರಂತೆ. ಮಗು ಅತ್ತರೆ ಮೊದಲು ಎತ್ತಿಕೊಳ್ಳಬೇಕಪ್ಪಾ ಎಂದು ಸಂದರ್ಶನ ಮಾಡಿದವರು ತಿಳಿಹೇಳಿದರಂತೆ. ನಮ್ಮಲ್ಲಿ ಯಾವ ತಾಯಿಯನ್ನು ಕೇಳಿದರೂ ತಕ್ಷಣ ಉತ್ತರ ಹೇಳುತ್ತಿದ್ದಳು!

ಆ ಪಾಠವನ್ನು ಅವರಿಗೆ ನಿಜವಾಗಿ ಕಲಿಸಿದ್ದು ಅವರ ಮಗ ಜೈನ್. 1996ರಲ್ಲಿ ಹುಟ್ಟಿದ ಆ ಮಗುವಿಗೆ ಮೆದುಳಿನ ತೊಂದರೆಯಿಂದ ಕೈಕಾಲು ಸ್ವಾಧೀನವಿರಲಿಲ್ಲ. ನನಗೇಕೆ ಹೀಗಾಯಿತು ಎಂದು ತಂದೆ ಕೊರಗುತ್ತಿದ್ದಾಗ, ತಾಯಿ ಅನು ಮಗುವನ್ನು ಕರೆದುಕೊಂಡು ಚಿಕಿತ್ಸೆಗೆಂದು ಓಡಾಡುತ್ತಿದ್ದರು. ಅದನ್ನು ನೋಡಿಯೇ, ಆದದ್ದು ನನಗಲ್ಲ, ಮಗನಿಗೆ ಎಂದು ತಿಳಿಯಿತು ಎಂದು ಅವರು 2017ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಆ ಹುಡುಗ 2022ರಲ್ಲಿ ತೀರಿಕೊಂಡ. ಎಲ್ಲ ಬಲ್ಲೆ ಎನ್ನುವವರಿಗಿಂತ ಎಲ್ಲ ಕಲಿಯುತ್ತೇನೆ ಎನ್ನುವವರು ನಮಗೆ ಬೇಕು ಎಂಬುದು ನಾದೆಲ್ಲ ಅವರ ಮಾತು.

ಹಾಗೆಂದು ಅವರು ತಪ್ಪೇ ಮಾಡಿಲ್ಲವೆಂದಲ್ಲ. 2014ರ ಅಕ್ಟೋಬರಿನಲ್ಲಿ ಮಹಿಳೆಯರ ಒಂದು ದೊಡ್ಡ ಸಮ್ಮೇಳನದಲ್ಲಿ, ಹೆಂಗಸರು ಸಂಬಳ ಹೆಚ್ಚಿಸಿ ಎಂದು ಕೇಳುವುದು ಮುಖ್ಯವಲ್ಲ, ವ್ಯವಸ್ಥೆ ತಾನಾಗಿ ಕೊಡುತ್ತದೆ ಎಂದು ನಂಬಬೇಕು, ಕೇಳದಿರುವುದೂ ಒಳ್ಳೆಯ ಕರ್ಮವೇ ಎಂಬರ್ಥದ ಮಾತಾಡಿದರು. ಅವರನ್ನು ಪ್ರಶ್ನಿಸುತ್ತಿದ್ದ ಮರಿಯಾ ಕ್ಲಾವೆ ಎಂಬ ಮಹಿಳೆ ಅಲ್ಲಿಯೇ, ಈ ಮಾತನ್ನು ನಾನು ಒಪ್ಪುವುದಿಲ್ಲ ಎಂದರು. ಸಭೆಯವರು ಚಪ್ಪಾಳೆ ತಟ್ಟಿದರು. ನಾದೆಲ್ಲ ಅದೇ ದಿನ, ನನ್ನ ಉತ್ತರ ಪೂರ್ತಿ ತಪ್ಪು, ಹೆಚ್ಚಿಗೆ ಸಲ್ಲಬೇಕು ಎನಿಸಿದರೆ ಕೇಳಿಬಿಡಿ ಎಂದು ನೌಕರರಿಗೆ ಬರೆದರು. ಕೇಳದೆ ಕೂತರೆ ಪುಣ್ಯ ಬರುತ್ತದೆ ಎಂಬುದನ್ನು ನಾವು ಹೆಂಗಸರು ಎಷ್ಟು ತಲೆಮಾರಿನಿಂದ ಕೇಳಿಲ್ಲ? ಬಡಿಸಿ ಬಡಿಸಿ ಕೊನೆಗೆ ತಳದ ಸೀಕಲು ಅನ್ನ ಉಂಡವರಿಗೆ ಗೊತ್ತು ಆ ಪುಣ್ಯದ ರುಚಿ. ಇದನ್ನೋದಿದ ಮೇಲೆ ನನ್ನ ಮಗಳು ಧೈರ್ಯ ಮಾಡಿ ಅಧಿಕಾರಿಯ ಎದುರು ಕೂತು, ನನ್ನ ಕೆಲಸದಲ್ಲಿ ಯಾವುದು ಸಾಧಾರಣ ಎಂದು ತೋರಿಸಿ ಎಂದು ಕೇಳಿದಳು. ಉತ್ತರ ಇನ್ನೂ ಬಂದಿಲ್ಲ. ಆದರೆ ಕೇಳಿದಳಲ್ಲ!

ಮೈಕ್ರೋಸಾಫ್ಟ್ ಈಗ ರಾಮರಾಜ್ಯವಾಗಿದೆ ಎಂದು ಯಾರೂ ತಿಳಿಯಬೇಡಿ. 2024ರ ಜನವರಿಯಲ್ಲಿ ಅದರ ಷೇರುಗಳ ಒಟ್ಟು ಬೆಲೆ 3 ಲಕ್ಷ ಕೋಟಿ ಡಾಲರ್ ದಾಟಿತು. 2025ರ ಜೂನ್‌ಗೆ ಮುಗಿದ ವರ್ಷದಲ್ಲಿ ಲಾಭವೇ 10 ಸಾವಿರ ಕೋಟಿ ಡಾಲರಿಗಿಂತ ಹೆಚ್ಚು. ಆದರೂ 2023ರ ಜನವರಿಯಲ್ಲಿ 10 ಸಾವಿರ ಜನರನ್ನು, 2025ರ ಮೇ ಮತ್ತು ಜುಲೈ ತಿಂಗಳುಗಳಲ್ಲಿ ಸುಮಾರು 15 ಸಾವಿರ ಜನರನ್ನು ಕೆಲಸದಿಂದ ತೆಗೆಯುವುದಾಗಿ ಅದು ಹೇಳಿತು. ಕಣಜ ತುಂಬಿದ್ದರೂ ಆಳು ಬೇಡ ಎನ್ನುವ ಕಾಲ ಇದು. ಒಳ್ಳೆಯ ಮಾತು ಆಡಿದ ಮಾತ್ರಕ್ಕೆ ಕಂಪನಿ ಅಮ್ಮನ ಮನೆಯಾಗುವುದಿಲ್ಲ. ಮಕ್ಕಳಿಗೆ ಇದನ್ನು ಹೇಳಿಕೊಡುವುದೂ ನಮ್ಮ ಕೆಲಸವೇ.

ಐದು ಬೆರಳೂ ಸಮವಲ್ಲ, ನಿಜ. ಆದರೆ ಕಿರುಬೆರಳು ಕುಳ್ಳಗಿದೆ ಎಂದು ಯಾರೂ ಅದನ್ನು ಕತ್ತರಿಸುವುದಿಲ್ಲ. ತುತ್ತು ಕಲಸಿ ಬಾಯಿಗಿಡಲು ಐದೂ ಕೂಡಬೇಕು. ಹತ್ತು ಜನರಲ್ಲಿ ಒಬ್ಬರು ದಡ್ಡರಾಗಲೇಬೇಕು ಎಂಬ ಲೆಕ್ಕದಲ್ಲಿ ನಮ್ಮ ಮಕ್ಕಳು ಯಾವತ್ತು ಬೇಕಾದರೂ ಆ ಒಬ್ಬರಾಗಬಹುದು. ಆ ದಿನ ಅವರಿಗೆ, ಇದು ಲೆಕ್ಕದ ದೋಷ, ನಿನ್ನ ದೋಷವಲ್ಲ ಎಂದು ಹೇಳುವವರು ಮನೆಯಲ್ಲಿ ಬೇಕು. ಆದ್ದರಿಂದ ಓದುಗ ಸೋದರಿಯರೇ, ಮುಂದಿನ ಸಲ ಮಕ್ಕಳ ಫೋನ್ ಬಂದಾಗ ಊಟ ಆಯಿತಾ, ಸಂಬಳ ಬಂತಾ ಎಂಬುದರ ಜೊತೆಗೆ ಇನ್ನೆರಡು ಮಾತು ಕೇಳಿ. ಇವತ್ತು ನಿನಗೆ ಯಾರು ಸಹಾಯ ಮಾಡಿದರು? ನೀನು ಯಾರಿಗೆ ಹೇಳಿಕೊಟ್ಟೆ?