ಮೆಜೆಸ್ಟಿಕ್ಕಿನಿಂದ ವಿಮಾನ ನಿಲ್ದಾಣಕ್ಕೆ

ಹೊಸೂರಿನವರಾದ ನಮಗೆ ಬೆಂಗಳೂರಿನ ವಿಮಾನ ನಿಲ್ದಾಣವು ಒಂದು ಕಾಲಕ್ಕೆ ಇಷ್ಟು ದೂರವಾಗಿರಲಿಲ್ಲ. 2008ರ ಮೇ 24ರಂದು ಅದು ಎಚ್.ಎ.ಎಲ್. ಬಿಟ್ಟು ದೇವನಹಳ್ಳಿಯ ಕಡೆಗೆ ಸರಿದಂದಿನಿಂದ, ನಮಗೂ ಅದಕ್ಕೂ ನಡುವೆ ಇಡೀ ಮಹಾನಗರವೇ ಅಡ್ಡಲಾಗಿ ಮಲಗಿದೆ.

ಈಚೆಗೆ, ಓದಲೆಂದು ವಿದೇಶಕ್ಕೆ ಹೊರಟ ಮಗಳನ್ನು ಬೀಳ್ಕೊಡಲು ನಾವಿಬ್ಬರೂ ಹೊರಟೆವು. ಬಾಡಿಗೆ ಕಾರು ಬೇಡವೆಂದು ಅವಳೇ ಹಟ ಹಿಡಿದಳು. ಮೆಜೆಸ್ಟಿಕ್ಕಿನಲ್ಲಿ ಇಳಿದು ವಾಯುವಜ್ರ ಬಸ್ಸನ್ನು ಏರಿದೆವು. ಹಗಲಿರುಳೆನ್ನದೆ ಓಡುವ ಈ ಹವಾನಿಯಂತ್ರಿತ ಬಸ್ಸುಗಳಲ್ಲಿ ಪೆಟ್ಟಿಗೆಗಳಿಗೂ ಒಂದು ಸ್ಥಳವಿದೆ, ಮಡಿಲಲ್ಲಿಟ್ಟುಕೊಂಡು ಒದ್ದಾಡಬೇಕಿಲ್ಲ. ದಾರಿ ಸುಮಾರು 35 ಕಿಲೋಮೀಟರು.

ಮೇಖ್ರಿ ವೃತ್ತದವರೆಗೆ ಮಾತು ಸಾಗಿತ್ತು. ಹೆಬ್ಬಾಳದ ಮೇಲುಸೇತುವೆಯ ಬಳಿ ಬಸ್ಸು ನಿಂತಿತು, ಮಾತೂ ನಿಂತಿತು. ಮುಂದೆ ವಾಹನಗಳ ಸಾಲು, ಕೈಯಲ್ಲಿ ಗಡಿಯಾರ. ಎರಡು ಗಂಟೆ ಹೆಚ್ಚಿಗೆ ಇಟ್ಟುಕೊಂಡು ಹೊರಟಿದ್ದೇ ನಮ್ಮ ಪುಣ್ಯ. ಯಲಹಂಕ ದಾಟಿದ ಬಳಿಕವೇ ಉಸಿರು ತಿರುಗಿತು.

ವಿದೇಶದ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೆಯ ಟರ್ಮಿನಲಿನಿಂದ ಹೊರಡುತ್ತವೆ. ಹೋಗುವವರು ನಿರ್ವಾಹಕರನ್ನು ಮೊದಲೇ ಕೇಳಿಕೊಳ್ಳುವುದು ಲೇಸು.

ಟಿಕೆಟಿಲ್ಲದ ನಮಗೆ ಬಾಗಿಲಿನಾಚೆ ಪ್ರವೇಶವಿರಲಿಲ್ಲ. ಹುರಿಹಿಟ್ಟಿನ ಡಬ್ಬಿಯಿದ್ದ ಚೀಲವನ್ನು ಹೆಗಲಿಗೇರಿಸಿ ಅವಳು ಒಳಗೆ ನಡೆದಳು. ಒಮ್ಮೆ ತಿರುಗಿ ನೋಡಿದಳು. ಅವಳು ಜನರ ನಡುವೆ ಮರೆಯಾದ ಮೇಲೂ ಬಹಳ ಹೊತ್ತು ನಾವು ಗಾಜಿನ ಬಳಿಯೇ ನಿಂತಿದ್ದೆವು.

ಮರಳುವಾಗ ಬಸ್ಸುಗಳ ಫಲಕಗಳನ್ನು ಓದುತ್ತ ಬಂದರೆ, ನಮ್ಮ ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಗೇ ನೇರ ವಾಯುವಜ್ರವೊಂದು ನಿಂತಿದೆ! ಮೆಜೆಸ್ಟಿಕ್ಕಿನವರೆಗೆ ಪೆಟ್ಟಿಗೆ ಹೊತ್ತದ್ದನ್ನು ನೆನೆದು, ಆ ದಿನ ಮೊದಲ ಬಾರಿಗೆ ಇಬ್ಬರೂ ನಕ್ಕೆವು.