ಜಿನೋವಾದಲ್ಲಿ ಸಿಕ್ಕ ಕಡಲೆಹಿಟ್ಟಿನ ಊಟ

ಯುರೋಪಿಗೆ ಹೊರಟು ನಿಂತಾಗ ಬೀಗರು, ನೆರೆಯವರು, ಅಂಗಡಿಗೆ ಬಂದ ಗಿರಾಕಿಗಳು, ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಊಟಕ್ಕೆ ಏನು ಮಾಡ್ತೀರಿ?" ನಮಗೂ ಅದೇ ಚಿಂತೆ. ಜೊತೆಯಲ್ಲಿ ಎಪ್ಪತ್ತೆರಡರ ಅವ್ವ. ಕಂದಮೂಲ ಮುಟ್ಟುವವರಲ್ಲ, ಹೊತ್ತು ಮುಳುಗಿದ ಮೇಲೆ ನೀರನ್ನೂ ಕುಡಿಯುವವರಲ್ಲ. ಚಪಾತಿ, ಶೇಂಗಾ ಚಟ್ನಿ, ಅವಲಕ್ಕಿ ಕಟ್ಟಿಕೊಂಡೇ ಹೋಗಿದ್ದೆವು. ಇಟಲಿಗೆ ಬರುವಷ್ಟರಲ್ಲಿ ಆ ಗಂಟು ಬರಿದಾಗಿತ್ತು.

ಜೂನ್ ತಿಂಗಳ ಒಂದು ಬೆಳಿಗ್ಗೆ ಮಿಲಾನ್‌ನಿಂದ ಬಾಡಿಗೆ ಕಾರಿನಲ್ಲಿ ಹೊರಟೆವು. ಜಿನೋವಾಕ್ಕೆ ಸುಮಾರು 150 ಕಿ.ಮೀ. ಬಯಲು ದಾಟಿ, ಬೆಟ್ಟಗಳ ಸುರಂಗಗಳಲ್ಲಿ ನುಗ್ಗಿ ಹೊರಬಂದರೆ ಕೆಳಗೆ ನೀಲಿ ಸಮುದ್ರ. ಹಳೆಯ ಊರಿನೊಳಗೆ ಹೊರಗಿನವರ ಕಾರಿಗೆ ಪ್ರವೇಶವಿಲ್ಲ. ಕಾರನ್ನು ಊರಂಚಿನಲ್ಲಿ ನಿಲ್ಲಿಸಿ ನಡೆದೇ ಹೋದೆವು.

ವ್ಯಾಪಾರಸ್ಥರು ನೋಡಲೇಬೇಕಾದ ಊರು ಇದು. ಬಂದರಿನ ಎದುರಿಗೇ 1260ರಲ್ಲಿ ಕಟ್ಟಿದ ಸೇಂಟ್ ಜಾರ್ಜ್ ಅರಮನೆಯಿದೆ. 1407ರಲ್ಲಿ ಶುರುವಾಗಿ 1805ರವರೆಗೆ ನಡೆದ ಸೇಂಟ್ ಜಾರ್ಜ್ ಬ್ಯಾಂಕಿನ ಮನೆ ಇದೇ. ಸಮೀಪದಲ್ಲಿ ಬಾಂಕಿ ಎಂಬ ಚೌಕ. ಹಣ ಬದಲಿಸುವವರು ಅಲ್ಲಿ ಮೇಜು ಹಾಕಿಕೊಂಡು ಕೂಡುತ್ತಿದ್ದರು. ಆ ಮೇಜಿನ ಹೆಸರೇ ಇಂದಿನ 'ಬ್ಯಾಂಕ್'. ಮಾತು ಉಳಿಸಿಕೊಳ್ಳದವನ ಮೇಜನ್ನು ಮುರಿಯುತ್ತಿದ್ದರಂತೆ. ದಿವಾಳಿಗೆ ಇಂಗ್ಲಿಷಿನವರು ಹೇಳುವ ಶಬ್ದ 'ಮುರಿದ ಮೇಜು' ಎಂಬ ಇಟಲಿಯ ಮಾತಿನಿಂದ ಬಂದದ್ದು. ಅದೇ ಚೌಕದ ಚರ್ಚು ಮೇಲಂತಸ್ತಿನಲ್ಲಿದೆ, ಕೆಳಗೆ ಅಂಗಡಿಗಳು. ಆ ಅಂಗಡಿಗಳನ್ನು ಮಾರಿ ಬಂದ ಹಣದಿಂದಲೇ ಹದಿನಾರನೆಯ ಶತಮಾನದಲ್ಲಿ ಚರ್ಚು ಕಟ್ಟಿದರಂತೆ. ಇದನ್ನು ಕೇಳಿ ಅವ್ವ, "ನಮ್ಮ ಬಸದಿ ಕಮಿಟಿಯವರಿಗೂ ಹೇಳ್ರೆಪ್ಪಾ" ಎಂದು ನಕ್ಕರು.

ಸ್ವಲ್ಪ ದೂರದಲ್ಲಿ ಕಪ್ಪು ಬಿಳಿ ಪಟ್ಟೆಗಳ ಸೇಂಟ್ ಲಾರೆನ್ಸ್ ದೊಡ್ಡ ಚರ್ಚು. 1941ರ ಫೆಬ್ರವರಿ 9ರಂದು ಬ್ರಿಟಿಷ್ ಯುದ್ಧನೌಕೆಗಳು ಈ ಊರಿನ ಮೇಲೆ ಗುಂಡು ಹಾರಿಸಿದವು. ಒಂದು ಭಾರಿ ಗುಂಡು ಚರ್ಚಿನೊಳಕ್ಕೆ ಬಂದು ಬಿದ್ದರೂ ಸಿಡಿಯಲಿಲ್ಲ. ಅದರ ನೆನಪಿಗೆ ಒಳಗೆ ಗುಂಡೊಂದನ್ನು ಇಟ್ಟಿದ್ದಾರೆ. ಅವ್ವ ಅದರ ಮುಂದೆ ಬಹಳ ಹೊತ್ತು ಸುಮ್ಮನೆ ನಿಂತರು.

ಮಧ್ಯಾಹ್ನವಾಯಿತು. ಜಿನೋವಾದ ಹೆಸರಾಂತ ತಿನಿಸು ಪೆಸ್ಟೋ, ಅಂದರೆ ಕಾಮಕಸ್ತೂರಿಯ ಜಾತಿಯ ಎಲೆಯ ಹಸಿರು ಚಟ್ನಿ. ನೋಡಲು ಆಸೆ ಹುಟ್ಟಿಸುತ್ತದೆ. ಆದರೆ ಅದರಲ್ಲಿ ಬೆಳ್ಳುಳ್ಳಿ ಇದೆ. ಮೇಲಾಗಿ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸಿದ ಚೀಸ್. ಅದನ್ನು ಬೆರೆಸುವ ಶಾವಿಗೆಯ ಜೊತೆಗೆ ಆಲೂಗಡ್ಡೆ. ಎರಡು ಹೋಟೆಲುಗಳಿಂದ ಹಾಗೆಯೇ ಹೊರಬಂದೆವು. ಮೂರನೆಯದರಲ್ಲಿ ಮೀನಿನ ವಾಸನೆ. "ನೀವು ಉಂಡು ಬರ್ರಿ, ನಾ ಇಲ್ಲೇ ನೆರಳಿಗೆ ಕೂಡ್ತೀನಿ" ಎಂದರು ಅವ್ವ. ಬೆಳಿಗ್ಗೆ ಒಂದು ಸೇಬು ಬಿಟ್ಟರೆ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವರನ್ನು ಇಷ್ಟು ದೂರ ಕರೆತಂದು ತಪ್ಪು ಮಾಡಿದೆವೇನೋ ಎಂದು ಮನಸ್ಸು ಕಲಕಿತು.

ಓಣಿಯ ತಿರುವಿನಲ್ಲಿ ಒಂದು ಬ್ರೆಡ್ಡಿನ ಭಟ್ಟಿ ಕಂಡಿತು. ಬಾಗಿಲಲ್ಲಿದ್ದ ಹಿರಿಯ ಹೆಂಗಸಿಗೆ, ಬರೆದುಕೊಂಡು ಹೋಗಿದ್ದ ಚೀಟಿ ನೋಡಿ ಓದಿದೆವು: "ಸೆಂತ್ಸಾ ಚಿಪೊಲ್ಲಾ, ಸೆಂತ್ಸಾ ಆಲ್ಯೋ." ಉಳ್ಳಾಗಡ್ಡಿ ಬೇಡ, ಬೆಳ್ಳುಳ್ಳಿ ಬೇಡ ಎಂದು ಅರ್ಥ. ಆಕೆ ನಕ್ಕು ಒಳಗೆ ಕರೆದಳು. ಕಟ್ಟಿಗೆಯ ಒಲೆಯಿಂದ ಅಗಲವಾದ ತಾಮ್ರದ ತಾಟು ಹೊರಬಂತು. ತುಂಬ ಹೊಂಬಣ್ಣದ ತೆಳು ರೊಟ್ಟಿ. ಅದೇ ಫರಿನಾಟಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಮತ್ತೇನಿಲ್ಲ. ಹಿಟ್ಟಿನ ಚೀಲ, ಎಣ್ಣೆಯ ಡಬ್ಬಿ ಎರಡನ್ನೂ ಆಕೆ ತೋರಿಸಿದಳು. ಅವ್ವ ಒಂದು ತುಂಡು ಬಾಯಿಗಿಟ್ಟು, "ಏ, ಇದು ನಮ್ಮ ಝುಣಕದ ವಡೀನ ಐತಲ್ಲೋ!" ಎಂದರು. ಎರಡು ಸಲ ಕೇಳಿ ಹಾಕಿಸಿಕೊಂಡರು. ಆಕೆ ಅವ್ವನ ಕೈ ಹಿಡಿದು ಏನೋ ಹೇಳಿದಳು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ತಿಳಿಯಿತು.

1284ರ ಸಮುದ್ರಯುದ್ಧದಿಂದ ಮರಳುವಾಗ ಬಿರುಗಾಳಿಗೆ ಹಡಗಿನ ಕಡಲೆಹಿಟ್ಟು, ಎಣ್ಣೆ, ಉಪ್ಪುನೀರು ಒಂದಾಗಿ, ಬಿಸಿಲಿಗೆ ಒಣಗಿ ಈ ತಿನಿಸು ಹುಟ್ಟಿತೆಂದು ಅಲ್ಲಿಯ ದಂತಕಥೆ.

ಸೋದರಿಯರು ಮನೆಯಲ್ಲೂ ಮಾಡಬಹುದು. 250 ಗ್ರಾಂ ಕಡಲೆಹಿಟ್ಟಿಗೆ 750 ಮಿ.ಲೀ. ಸೋಸಿದ ನೀರು, ಉಪ್ಪು ಹಾಕಿ ಗಂಟಿಲ್ಲದಂತೆ ಕಲಸಿ ನಾಲ್ಕು ಗಂಟೆ ಬಿಡಿ. ಮೇಲಿನ ನೊರೆ ತೆಗೆದು ಅರ್ಧ ಬಟ್ಟಲು ಎಣ್ಣೆ ಸೇರಿಸಿ, ಅಗಲ ತಾಟಿನಲ್ಲಿ ತೆಳ್ಳಗೆ ಹೊಯ್ದು, ಬಿಸಿಯಾದ ಓವನ್ನಿನಲ್ಲಿ ಕೆಂಪಗೆ ಬೇಯಿಸಿ. ಬೆಳಿಗ್ಗೆ ಕಲಸಿಟ್ಟರೆ ಮಧ್ಯಾಹ್ನದ ಊಟಕ್ಕೆ ಸಿದ್ಧ.

ಜೂನ್‌ನಲ್ಲಿ ಅಲ್ಲಿ ಹೊತ್ತು ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಆದ್ದರಿಂದ ಅವ್ವನ ನೇಮಕ್ಕೆ ತೊಂದರೆಯಾಗಲಿಲ್ಲ. ಸಂಜೆ 77 ಮೀಟರ್ ಎತ್ತರದ ಹಳೆಯ ದೀಪಸ್ತಂಭವನ್ನು ದೂರದಿಂದ ನೋಡುತ್ತ ಹಣ್ಣು ತಿಂದು, ಫ್ರಾನ್ಸಿನ ದಾರಿ ಹಿಡಿದೆವು. ಊರು ದಾಟುವಲ್ಲಿ ಹೊಸ ಸೇತುವೆ ಬಂತು. ಇದೇ ಜಾಗದ ಹಳೆಯ ಸೇತುವೆ 2018ರ ಆಗಸ್ಟ್ 14ರಂದು ಕುಸಿದು 43 ಜನ ತೀರಿಕೊಂಡರು; ಹೊಸದು 2020ರಲ್ಲಿ ತೆರೆಯಿತು. ಅದು ದಾಟುವವರೆಗೆ ಅವ್ವ ಕಣ್ಣು ಮುಚ್ಚಿ ಣಮೋಕಾರ ಹೇಳುತ್ತಿದ್ದರು. ಸತ್ತವರಿಗಾಗಿಯೋ, ನಮಗಾಗಿಯೋ, ನಾವು ಕೇಳಲಿಲ್ಲ. ಅವರ ಮಡಿಲಲ್ಲಿ, ಆ ಹಿರಿಯಾಕೆ ಕಾಗದದಲ್ಲಿ ಸುತ್ತಿಕೊಟ್ಟ ಎರಡು ತುಂಡು ಫರಿನಾಟಾ ಇನ್ನೂ ಬೆಚ್ಚಗಿತ್ತು.