ಉಪದೇಶವಿಲ್ಲದ ಒಂದು ಗಂಟೆ

ಘಟಿಕೋತ್ಸವದ ಮರುದಿನ ಪತ್ರಿಕೆಯ ಮೊದಲ ಪುಟದಲ್ಲಿ ಕೊರಳ ತುಂಬ ಚಿನ್ನದ ಪದಕ ಧರಿಸಿದ ವಿದ್ಯಾರ್ಥಿನಿಯ ಫೋಟೊ ಬರುತ್ತದೆ. ಅದೇ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಕೆಲವೊಮ್ಮೆ ನಾಲ್ಕು ಸಾಲಿನ ಇನ್ನೊಂದು ಸುದ್ದಿ ಇರುತ್ತದೆ. ಮೊದಲನೆಯದನ್ನು ಮನೆಮಂದಿಗೆಲ್ಲ ತೋರಿಸುತ್ತೇವೆ. ಎರಡನೆಯದನ್ನು ಓದಿ, 'ಪಾಪ, ಏನಾಗಿತ್ತೋ' ಎಂದು ಪುಟ ಮಗುಚುತ್ತೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044. ದಿನಕ್ಕೆ ಮೂವತ್ತೈದಕ್ಕಿಂತಲೂ ಹೆಚ್ಚು. ಶಾಲೆಯ ಮಕ್ಕಳಿಂದ ಹಿಡಿದು ಸಂಶೋಧನಾ ವಿದ್ಯಾರ್ಥಿಗಳವರೆಗೆ ಎಲ್ಲರೂ ಇದರಲ್ಲಿ ಸೇರಿದ್ದಾರೆ. 'ಏನಾಗಿತ್ತೋ' ಎಂಬ ಪ್ರಶ್ನೆಯನ್ನು ಅವರು ಬದುಕಿದ್ದಾಗ ಯಾರಾದರೂ ಕೇಳಿದ್ದರೇ? ಕೇಳಿದ್ದರೆ, ಉತ್ತರ ಮುಗಿಯುವ ತನಕ ಸುಮ್ಮನೆ ಕೂತಿದ್ದರೇ?

ಈ ಪ್ರಶ್ನೆಯೊಂದಿಗೆ ನಾವು ಹಲವು ವರ್ಷಗಳಿಂದ ಬದುಕುತ್ತಿದ್ದೇವೆ. ನಾವೆಂದರೆ ಕರಾವಳಿಯ ಒಂದು ವಿಶ್ವವಿದ್ಯಾನಿಲಯದಲ್ಲಿ ಪಾಠ ಮಾಡುವ ಮೂವರು. ಒಬ್ಬರು ಕನ್ನಡ, ಒಬ್ಬರು ಸಮಾಜಕಾರ್ಯ, ಮತ್ತೊಬ್ಬರು ಗಣಿತ. ಗಣಿತದವರು ಸ್ವಲ್ಪ ಕಾಲ ಹಾಸ್ಟೆಲ್ ವಾರ್ಡನ್ ಕೂಡ ಆಗಿದ್ದರು. ನಮ್ಮಲ್ಲಿ ಯಾರೂ ಮನೋವೈದ್ಯರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆಪ್ತಸಮಾಲೋಚನಾ ಕೇಂದ್ರ ಎಂಬ ಬೋರ್ಡು ಇಲ್ಲದ ಕಾಲೇಜುಗಳು ಈಗ ಕಡಿಮೆ. ಬೋರ್ಡಿನ ಕೆಳಗಿನ ಬಾಗಿಲು ತೆರೆದಿರುತ್ತದೆಯೇ ಎಂಬುದು ಬೇರೆ ಮಾತು. ನ್ಯಾಕ್ ತಂಡ ಬರುವ ವಾರ ಅಲ್ಲಿ ಹೊಸ ಕರ್ಟನ್, ಎರಡು ಕುರ್ಚಿ, ಒಂದು ಹೂದಾನಿ ಕಾಣಿಸಿಕೊಳ್ಳುವುದನ್ನು ನಾವು ನೋಡಿದ್ದೇವೆ. ಬಾಗಿಲು ತೆರೆದಿದ್ದರೂ ಒಳಗೆ ಹೋಗಲು ಧೈರ್ಯ ಬೇಕು. ಕೊಠಡಿ ಸಾಮಾನ್ಯವಾಗಿ ಪ್ರಾಂಶುಪಾಲರ ಚೇಂಬರಿನ ಪಕ್ಕದಲ್ಲೇ ಇರುತ್ತದೆ. ಅಲ್ಲಿಗೆ ಹೋದವನಿಗೆ 'ಏನೋ ಪ್ರಾಬ್ಲಂ ಉಂಟು' ಎಂಬ ಹೆಸರು ಮಧ್ಯಾಹ್ನದ ಊಟದೊಳಗೆ ಬಿದ್ದಿರುತ್ತದೆ. ಇನ್ನು ಲೆಕ್ಕ. ಎರಡು ಸಾವಿರ ವಿದ್ಯಾರ್ಥಿಗಳಿಗೆ ಒಬ್ಬ ಸಮಾಲೋಚಕರಿದ್ದು, ಅವರು ದಿನಕ್ಕೆ ಐದು ಮಂದಿಯನ್ನು ಕಂಡರೆ ಎಲ್ಲರ ಸರದಿ ಒಮ್ಮೆ ಮುಗಿಯಲು ನಾನೂರು ದಿನ ಬೇಕು. ಕಷ್ಟದಲ್ಲಿರುವವನು ನಾನೂರನೆಯ ದಿನದ ತನಕ ಕಾಯುತ್ತಾನೆಯೇ?

ಹಾಗಾಗಿ ನಾವು ಗುಂಪಿನ ಬಗ್ಗೆ ಯೋಚಿಸಿದೆವು. ಇದು ಹೊಸ ಸಂಗತಿಯೇನೂ ಅಲ್ಲ. ಗುಂಪು ಚಿಕಿತ್ಸೆಯ ಚರಿತ್ರೆ ಬರೆಯುವವರು 1905ರ ಬೋಸ್ಟನ್ ನಗರದಿಂದ ಆರಂಭಿಸುತ್ತಾರೆ. ಜೋಸೆಫ್ ಪ್ರ್ಯಾಟ್ ಎಂಬ ವೈದ್ಯರು ಕ್ಷಯ ತಗಲಿದ ಬಡ ರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ ಹೇಗೆ ಮಲಗಬೇಕು, ಏನು ತಿನ್ನಬೇಕು ಎಂದು ತಿಳಿಹೇಳುತ್ತಿದ್ದರು. ಅವರ ಉದ್ದೇಶ ಇದ್ದುದು ಅಷ್ಟೇ. ಆದರೆ ಊರು ದೂರವಿಟ್ಟಿದ್ದ ಆ ಜನರು ಒಬ್ಬರನ್ನೊಬ್ಬರು ನೋಡಿ ಗೆಲುವಾಗತೊಡಗಿದರು. ಅಮೆರಿಕದ ಮನೋವೈದ್ಯ ಅರ್ವಿನ್ ಯಾಲೊಮ್ 1970ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಗುಂಪು ಮನುಷ್ಯನನ್ನು ಗುಣಪಡಿಸುವ ಕಾರಣಗಳನ್ನು ವಿವರಿಸುವಾಗ ಇದಕ್ಕೆ ದೊಡ್ಡ ಜಾಗ ಕೊಟ್ಟಿದ್ದಾರೆ: ಈ ಕಷ್ಟ ನನಗೊಬ್ಬನಿಗೇ ಬಂದದ್ದಲ್ಲ ಎಂಬ ಅರಿವು. ಅದೇ 1970ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ 'ನೈಟ್‌ಲೈನ್' ಶುರುವಾಯಿತು. ರಾತ್ರಿ ನಿದ್ದೆ ಬಾರದ ವಿದ್ಯಾರ್ಥಿಯ ಮಾತನ್ನು ಇನ್ನೊಬ್ಬ ವಿದ್ಯಾರ್ಥಿ ಕೇಳಿಸಿಕೊಳ್ಳುವ ಏರ್ಪಾಡು ಅದು.

ಬೋಸ್ಟನ್ನಿನ ತನಕ ಹೋಗಬೇಕಾಗಿಯೂ ಇಲ್ಲ ಅನ್ನಿ. ನಮ್ಮ ಜಿಲ್ಲೆಯ ತಾಯಂದಿರು ಮಧ್ಯಾಹ್ನ ಜಗಲಿಯಲ್ಲಿ ಕೂತು ಬೀಡಿ ಕಟ್ಟುವುದನ್ನು ನೋಡಿದವರಿಗೆ ಇದು ಗೊತ್ತು. ಮಡಿಲಲ್ಲಿ ಮೊರ, ಕಣ್ಣು ಎಲೆಯ ಮೇಲೆ, ಬೆರಳು ತನ್ನಷ್ಟಕ್ಕೆ ಓಡುತ್ತಿರುತ್ತದೆ. ಬಾಯಲ್ಲಿ ಅತ್ತೆಯ ಕಾಟ, ಗಲ್ಫಿನಿಂದ ಬಾರದ ಗಂಡನ ಫೋನು, ಮಗಳ ಮದುವೆಯ ಚಿಂತೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನೋಡದೆ ಇರುವುದರಿಂದಲೇ ಅಷ್ಟು ಮಾತು ಹೊರಬರುತ್ತದೆ ಎಂದು ನಮಗೆ ಅನಿಸುತ್ತದೆ.

ನಮ್ಮ ಗುರುವಾರದ ಕೂಟ ಶುರುವಾದದ್ದು 2016ರಲ್ಲಿ. ಹುಡುಗರ ಹಾಸ್ಟೆಲಿನಲ್ಲಿ ಒಂದು, ಹುಡುಗಿಯರ ಹಾಸ್ಟೆಲಿನಲ್ಲಿ ಒಂದು. ಎಂಟು ಹತ್ತು ಮಂದಿ, ನೆಲದ ಮೇಲೆ ಚಾಪೆ, ಒಂದು ಗಂಟೆ. ಮೊದಲ ಎರಡು ವಾರ ಎಲ್ಲರೂ ಫ್ಯಾನು ನೋಡುತ್ತಾ ಕೂತರು. ಮೂರನೆಯ ವಾರ ಬೀಡಿಯ ಮೊರ ನೆನಪಾಗಿ ಸಿಪ್ಪೆ ಸಹಿತ ನೆಲಗಡಲೆ ತಂದು ನಡುವೆ ಸುರಿದೆವು. ಕೈಗೆ ಕೆಲಸ ಸಿಕ್ಕಿದ ಮೇಲೆ ನಾಲಗೆ ಸಡಿಲವಾಯಿತು. ಇಂದಿಗೂ ನಮ್ಮ ಕೂಟದ ಖರ್ಚೆಂದರೆ ನೆಲಗಡಲೆಯೇ.

ರಾಯಚೂರು ಕಡೆಯ ಒಬ್ಬ ಹುಡುಗ ಮೆಸ್ಸಿಗೆ ಬರುವುದನ್ನು ನಿಲ್ಲಿಸಿದ್ದ. ಕುಚ್ಚಲಕ್ಕಿ ಅನ್ನ ಸೇರುವುದಿಲ್ಲ, ಜೋಳದ ರೊಟ್ಟಿಯ ನೆನಪು ಎಂದು ರೂಮಿನವರು ನಗೆಯಾಡಿ ಸುಮ್ಮನಾಗಿದ್ದರು. ಅವನನ್ನು ಕೂಟಕ್ಕೆ ಕರೆತಂದದ್ದು ನಾವಲ್ಲ, ಪಕ್ಕದ ರೂಮಿನ ಹುಡುಗ. ನಾಲ್ಕು ವಾರ ಬಾಯಿ ಬಿಡಲಿಲ್ಲ. ಐದನೆಯ ವಾರ, "ಸರ್, ಎರಡು ತಿಂಗಳಾತ್ರಿ, ಕ್ಲಾಸಿನ್ಯಾಗ ಏನು ನಡದೈತಿ ಒಂದೂ ತಿಳಿವಲ್ದು" ಎಂದ. ಪಿಯುಸಿ ತನಕ ಕನ್ನಡದಲ್ಲೇ ಓದಿದವನು, ಊರಿನಿಂದ ಎಂಎಸ್ಸಿಗೆ ಬಂದ ಮೊದಲಿಗ. ಅಪ್ಪ ಸಾಲ ಮಾಡಿದ್ದಾರೆ. ವಾಪಸು ಹೋಗುವಂತಿಲ್ಲ, ಇಲ್ಲಿ ಇರುವಂತೆಯೂ ಇಲ್ಲ.

ನಮ್ಮಲ್ಲಿ ಮೂವರಿಗೂ ಬಾಯಿ ತುದಿಯವರೆಗೆ ಉತ್ತರ ಬಂದಿತ್ತು. ಬ್ರಿಡ್ಜ್ ಕೋರ್ಸ್ ಮಾಡೋಣ, ನಿಘಂಟು ಕೊಡಿಸೋಣ, ಧೈರ್ಯವಾಗಿರು. ಅಷ್ಟರಲ್ಲಿ ಎದುರಿಗೆ ಕೂತಿದ್ದ, ಕಳೆದ ಸೆಮಿಸ್ಟರಿನಲ್ಲಿ ಕ್ಲಾಸಿಗೇ ಹೆಚ್ಚು ಅಂಕ ಪಡೆದಿದ್ದ ಮಂಗಳೂರಿನ ಹುಡುಗ ತಲೆ ತಗ್ಗಿಸಿಕೊಂಡೇ, "ಮಾರಾಯ, ನನಗೂ ಗೊತ್ತಾಗುದಿಲ್ಲ. ನಾನು ತಲೆ ಅಲ್ಲಾಡಿಸ್ತೇನೆ ಅಷ್ಟೆ. ರೂಮಿಗೆ ಹೋಗಿ ರಾತ್ರಿ ಎರಡು ಗಂಟೆ ತನಕ ಓದ್ತೇನೆ" ಎಂದ. ರಾಯಚೂರಿನವನು ಅವನ ಮುಖವನ್ನೇ ನೋಡಿದ. ಆ ನೋಟದಲ್ಲಿದ್ದ ಆಶ್ಚರ್ಯವನ್ನು ಯಾವ ಬ್ರಿಡ್ಜ್ ಕೋರ್ಸಿನಿಂದಲೂ ತರಲಾಗುತ್ತಿರಲಿಲ್ಲ. ಬ್ರಿಡ್ಜ್ ಕೋರ್ಸ್ ಕೂಡ ಬೇಕು, ಅದನ್ನು ಆಮೇಲೆ ಮಾಡಿದೆವು. ಆದರೆ ಅವನು ಮಾರನೆಯ ದಿನ ಮೆಸ್ಸಿಗೆ ಇಳಿದು ಬಂದದ್ದು ಆ ಒಂದು ಮಾತಿಗೆ.

ಕೂಟಕ್ಕೆ ಕೆಲವು ಕಟ್ಟುಪಾಡುಗಳಿವೆ. 'ಇಷ್ಟಕ್ಕೇನಾ?' ಎನ್ನುವಂತಿಲ್ಲ. 'ನಾನಾಗಿದ್ದರೆ' ಎಂದು ಮಾತು ಶುರು ಮಾಡುವಂತಿಲ್ಲ. ಕೇಳದೆ ಸಲಹೆ ಕೊಡುವಂತಿಲ್ಲ. ಮೇಷ್ಟ್ರುಗಳಾದ ನಮಗೆ ಇದು ಎಷ್ಟು ಕಷ್ಟವೆಂದು ಓದುಗರು ಊಹಿಸಬಹುದು. ಉಪದೇಶ ನಮ್ಮ ಉಪಜೀವನ. ಮನೆಗಳಲ್ಲೂ ಅದೇ ಕತೆ. ಮಗಳಿಗೆ ಮಂಕು ಕವಿದಿದೆ ಎಂದರೆ ಮುಸ್ಲಿಮರ ಮನೆಯಲ್ಲಿ 'ಈಮಾನ್ ಕಡಿಮೆಯಾಗಿದೆ, ನಮಾಝ್ ಸರಿಯಾಗಿ ಮಾಡು' ಎನ್ನುತ್ತಾರೆ. ಉಸ್ತಾದರಿಂದ ನೀರು ಮಂತ್ರಿಸಿ ತರುತ್ತಾರೆ. ಹಿಂದೂಗಳ ಮನೆಯಲ್ಲಿ ಜ್ಯೋತಿಷಿಯ ಬಳಿಗೋ ದೈವದ ದರ್ಶನಕ್ಕೋ ಹೊರಡುತ್ತಾರೆ. ಪ್ರಾರ್ಥನೆ ಮನಸ್ಸಿಗೆ ಸಮಾಧಾನ ಕೊಡುತ್ತದೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಖಿನ್ನತೆಯನ್ನು ನಂಬಿಕೆಯ ಕೊರತೆ ಎಂದು ಕರೆದಾಗ ಆ ಹುಡುಗಿಗೆ ಮೊದಲಿದ್ದ ಕಷ್ಟದ ಜೊತೆ ಪಾಪಪ್ರಜ್ಞೆಯೂ ಸೇರಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಿಗೆ ಯಾರೂ ಹೀಗೆ ಹೇಳುವುದಿಲ್ಲವಲ್ಲ!

ಇನ್ನೊಂದು ಕಟ್ಟುಪಾಡು ಗುಟ್ಟಿನದು. ಇಲ್ಲಿ ಆಡಿದ್ದು ಇಲ್ಲೇ ಇರಬೇಕು. ಇದಕ್ಕೆ ಒಂದೇ ವಿನಾಯಿತಿ: ಜೀವಕ್ಕೆ ಅಪಾಯವಿದೆ ಎಂದಾದರೆ ಹೇಳಲೇಬೇಕು. ಇದನ್ನು ಮೊದಲ ದಿನವೇ ಎಲ್ಲರಿಗೂ ತಿಳಿಸುತ್ತೇವೆ. ಹೇಳುವುದು ಸುಲಭ. 2019ರಲ್ಲಿ ಒಬ್ಬ ಹುಡುಗಿ ಕೂಟ ಮುಗಿದ ಮೇಲೆ ಮೆಟ್ಟಿಲಿನ ಬಳಿ ಗೆಳತಿಯನ್ನು ನಿಲ್ಲಿಸಿಕೊಂಡು, ತನಗೆ ಬದುಕುವ ಆಸೆಯಿಲ್ಲ ಎಂದಳು. ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಸಿಕೊಂಡಳು. ಆ ಗೆಳತಿ ಅವಳನ್ನು ರಾತ್ರಿಯಿಡೀ ಒಂಟಿಯಾಗಿ ಬಿಡಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ನಮ್ಮ ಬಾಗಿಲು ತಟ್ಟಿದಳು. ಆಣೆ ಮುರಿದೆ ಮೇಡಂ ಎಂದು ಅತ್ತಳು. ಮಧ್ಯಾಹ್ನದೊಳಗೆ ಹುಡುಗಿ ಮನೋವೈದ್ಯರ ಮುಂದೆ ಇದ್ದಳು, ಸಂಜೆಗೆ ತಂದೆ ತಾಯಿ ಬಂದರು. ಹುಡುಗಿ ಉಳಿದಳು, ಪದವಿ ಮುಗಿಸಿದಳು, ಈಗ ಕೆಲಸದಲ್ಲಿದ್ದಾಳೆ. ಆದರೆ ಕೂಟಕ್ಕೆ ಮತ್ತೆ ಬರಲಿಲ್ಲ. ಆ ಗೆಳತಿಯೊಂದಿಗೆ ಮಾತೂ ಬಿಟ್ಟಳು. ಇಬ್ಬರ ನಡುವಿನ ಸ್ನೇಹ ಮರಳಿತೇ ಎಂದು ಕೇಳಬೇಡಿ. ಇಲ್ಲ.

ಕೇಳಿಸಿಕೊಂಡವಳ ಪಾಡೇನು ಎಂಬುದು ನಮಗೆ ಆಗ ಎದುರಾದ ಪ್ರಶ್ನೆ. ಇಪ್ಪತ್ತೆರಡು ವರ್ಷದ ಆ ಹುಡುಗಿಗೆ ಮೂರು ವಾರ ನಿದ್ದೆ ಬರಲಿಲ್ಲ. ಸಹಪಾಠಿಗಳು ಪರಸ್ಪರ ಆಸರೆಯಾಗಲಿ ಎಂದು ಭಾಷಣ ಮಾಡುವವರು ಈ ಭಾರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಸರೆಗೆ ನಿಂತ ಕಂಬಕ್ಕೂ ಒಂದು ಆಸರೆ ಬೇಡವೇ? ಕೂಟ ನಡೆಸುವ ವಿದ್ಯಾರ್ಥಿಗಳಿಗೆ ನಗರದ ಆಸ್ಪತ್ರೆಯೊಂದರ ಸಮಾಲೋಚಕರು ಮೊದಲಿನಿಂದಲೂ ನಾಲ್ಕು ಭಾನುವಾರ ತರಬೇತಿ ಕೊಡುತ್ತಿದ್ದರು. ಅಂದಿನಿಂದ ಅವರು ತಿಂಗಳಿಗೊಮ್ಮೆ ಈ ವಿದ್ಯಾರ್ಥಿಗಳ ಮಾತನ್ನು ಪ್ರತ್ಯೇಕವಾಗಿ ಕೇಳುತ್ತಾರೆ. ಬೆಂಗಳೂರಿನಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಅವರ 'ಸಮಾಧಾನ' ಕೇಂದ್ರದಲ್ಲಿ ತರಬೇತಿ ಪಡೆದ ಸಾಮಾನ್ಯ ಸ್ವಯಂಸೇವಕರು ಆಪ್ತಸಮಾಲೋಚನೆ ನಡೆಸಿದ್ದನ್ನು ಕೇಳಿದವರಿಗೆ, ವೈದ್ಯರಲ್ಲದವರಿಂದಲೂ ಈ ಕೆಲಸ ಸಾಧ್ಯವೆಂದು ಗೊತ್ತು. ತರಬೇತಿ ಇಲ್ಲದೆ ಸಾಧ್ಯವಿಲ್ಲ ಎಂಬುದನ್ನೂ ಅದರ ಜೊತೆಗೇ ಹೇಳಬೇಕು.

ಆ ತಂದೆ ತಾಯಿ ಬಂದವರೇ ಮೊದಲು ಕೇಳಿದ್ದು, "ಪೊಲೀಸ್ ಕೇಸ್ ಆಗುತ್ತದೆಯೇ?" ಎಂದು. ಆತ್ಮಹತ್ಯೆಗೆ ಯತ್ನಿಸಿದವರಿಗೆ ಒಂದು ವರ್ಷದವರೆಗೆ ಸಜೆ ವಿಧಿಸಬಹುದಾಗಿದ್ದ ದಂಡಸಂಹಿತೆಯ 309ನೇ ಕಲಂ ಜನರ ಮನಸ್ಸಿನಲ್ಲಿ ಅಷ್ಟು ಆಳವಾಗಿ ಕೂತಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮರುವರ್ಷ ಜಾರಿಗೆ ಬಂದಾಗಲೇ, ಅಂತಹವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಬೇಕು, ಶಿಕ್ಷಿಸಬಾರದು ಎಂದಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಂ ಇಲ್ಲ. ಸರಕಾರಿ ನೌಕರನ ಮೇಲೆ ಒತ್ತಡ ಹೇರಲು ಹಾಗೆ ಮಾಡಿದರೆ ಮಾತ್ರ ಅಪರಾಧ. ಇದನ್ನು ಪ್ರತಿ ವರ್ಷ ಪೋಷಕರ ಸಭೆಯಲ್ಲಿ ಹೇಳುತ್ತೇವೆ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ಹೇಳುತ್ತೇವೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಅದಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕೊರೋನಾದ ಎರಡು ವರ್ಷ ಕೂಟ ನಡೆಯಲಿಲ್ಲ. ಆನ್‌ಲೈನ್ ಪ್ರಯತ್ನ ಮೂರು ವಾರಕ್ಕೆ ನಿಂತಿತು. ಎರಡು ಕೋಣೆಯ ಮನೆಯಲ್ಲಿ, ಅಪ್ಪನ ಎದುರು ಕೂತು ಯಾರು ಮನಸ್ಸು ಬಿಚ್ಚುತ್ತಾರೆ?

ಮತ್ತೆ ಚಾಪೆ ಹಾಸಿದ್ದು 2022ರ ಫೆಬ್ರವರಿಯಲ್ಲಿ. ಹಿಜಾಬ್ ವಿವಾದ ಕಾದು ಕೆಂಪಾಗಿದ್ದ ತಿಂಗಳು. ಹುಡುಗಿಯರ ಕೂಟದಲ್ಲಿ ಅರ್ಧ ಗಂಟೆ ನೆಲಗಡಲೆಯ ಸದ್ದು ಮಾತ್ರ. ಕೊನೆಗೆ ಒಬ್ಬಳು, ತನ್ನ ತಂಗಿ ಕಾಲೇಜಿನ ಗೇಟಿನಿಂದ ಮನೆಗೆ ಹಿಂದಿರುಗಿದವಳು ಒಂದು ವಾರದಿಂದ ಕೋಣೆಯಿಂದ ಹೊರಗೆ ಬರುತ್ತಿಲ್ಲ ಎಂದಳು. ಸ್ವಲ್ಪ ಹೊತ್ತಿನ ನಂತರ ಅವಳದೇ ರೂಮಿನ ಇನ್ನೊಬ್ಬಳು, "ನನ್ನ ತಮ್ಮನೂ ಶಾಲು ಹಾಕಿಕೊಂಡು ಹೋಗಿದ್ದ. ಬೇಡ ಅಂದೆ, ಕೇಳಲಿಲ್ಲ" ಎಂದಳು. ಯಾರೂ ಉತ್ತರಿಸಲಿಲ್ಲ. ಅಪ್ಪಿಕೊಳ್ಳಲಿಲ್ಲ, ಕಣ್ಣೀರು ಒರೆಸಲಿಲ್ಲ. ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು, ಅಕ್ಟೋಬರಿನಲ್ಲಿ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ತಂಗಿಯ ಒಂದು ವರ್ಷ ಹೋಯಿತು. ಆ ಇಬ್ಬರು ರೂಮು ಬದಲಿಸಲಿಲ್ಲ ಎಂಬುದಷ್ಟೇ ನಾವು ಕಂಡದ್ದು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಿದೆ. ಗೇಟಿನಿಂದ ಹೊರಗುಳಿದವಳಿಗೆ ಬೇಕಾದದ್ದು ಸಮಾಲೋಚನೆಯಲ್ಲ, ತರಗತಿ. 2016ರ ಜನವರಿಯಲ್ಲಿ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ರೋಹಿತ್ ವೇಮುಲ ತೀರಿಕೊಂಡರು. ಅದಕ್ಕೆ ಮುನ್ನ ಅವರನ್ನು ಹಾಸ್ಟೆಲಿನಿಂದ ಹೊರಹಾಕಲಾಗಿತ್ತು, ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಂದಿರಲಿಲ್ಲ. ಅಂತಹ ವಿದ್ಯಾರ್ಥಿಗೆ ಉಸಿರಾಟದ ವ್ಯಾಯಾಮ ಕಲಿಸಲು ಹೊರಡುವುದು ಅವಮಾನ. ಹಾಸ್ಟೆಲ್ ಬಿಲ್, ಅಟೆಂಡೆನ್ಸ್ ಶಾರ್ಟೇಜ್, ಜಾತಿ ಹಿಡಿದು ಆಡುವ ಗೈಡ್ ಇವೆಲ್ಲ ಆಫೀಸಿನಲ್ಲಿ ಬಗೆಹರಿಯಬೇಕಾದ ಸಂಗತಿಗಳು. ಅದಕ್ಕಾಗಿ ಕೂಟದಲ್ಲಿ ಪದೇ ಪದೇ ಕೇಳಿಬರುವ ದೂರುಗಳನ್ನು, ಹೇಳಿದವರ ಒಪ್ಪಿಗೆ ಪಡೆದು, ಅವರ ಹೆಸರು ಹಾಕದೆ ವರ್ಷಕ್ಕೆರಡು ಬಾರಿ ಬರೆದು ಕೊಡುತ್ತೇವೆ. ಕೆಲವು ಸರಿಯಾಗಿವೆ. ಮೆಸ್ಸಿನಲ್ಲಿ ವಾರಕ್ಕೆ ಮೂರು ದಿನ ಚಪಾತಿ ಬಂದದ್ದು ಹಾಗೆ. ಗೈಡುಗಳ ವಿಷಯ ಇನ್ನೂ ಕಡತದಲ್ಲೇ ಇದೆ.

ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ತಯಾರಾಗುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ 2025ರ ಜುಲೈ 25ರಂದು ಹದಿನೈದು ನಿರ್ದೇಶನಗಳನ್ನು ನೀಡಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನು ನೇಮಿಸಬೇಕು ಎಂಬುದು ಅವುಗಳಲ್ಲೊಂದು. ತೀರ್ಪಿನ ಪ್ರತಿಯನ್ನು ನಾವು ನೋಟಿಸ್ ಬೋರ್ಡಿಗೆ ಹಚ್ಚಿದೆವು. ನೀವು ಹೇಗೂ ಗುರುವಾರ ಮಾಡುತ್ತೀರಲ್ಲ, ಬೇರೆ ಸಮಾಲೋಚಕರು ಯಾಕೆ ಎಂದು ಮೇಲಿನವರೊಬ್ಬರು ಕೇಳಿದರು. ಇದೇ ನಮ್ಮ ದೊಡ್ಡ ಭಯ. ನೆಲಗಡಲೆಯ ಕೂಟ ಇದೆಯೆಂದು ವೈದ್ಯರ ಹುದ್ದೆ ಉಳಿತಾಯವಾಗಬಾರದು. ಗೆಳತಿ ರಾತ್ರಿಯಿಡೀ ಜೊತೆಗಿರಬಲ್ಲಳು, ಔಷಧಿ ಬರೆದು ಕೊಡಲಾರಳು ಎಂದು ಅವರಿಗೆ ಲಿಖಿತವಾಗಿಯೇ ಉತ್ತರಿಸಿದ್ದೇವೆ.

ಹುಡುಗಿಯರ ಕೂಟಕ್ಕೆ ಈಗ ಚಾಪೆ ಸಾಲುವುದಿಲ್ಲ, ಎರಡು ಗುಂಪು ಮಾಡಿದ್ದೇವೆ. ಹುಡುಗರೇ ಬರುವುದಿಲ್ಲ. ಗಂಡಸರು ಅಳಬಾರದು ಎಂದು ಹೇಳಿ ಬೆಳೆಸಿದ ಮಕ್ಕಳು ತಾನೇ? ಈ ವರ್ಷ ಐದೇ ಮಂದಿ. ಅವರಲ್ಲೊಬ್ಬನ ತಂದೆ ದಮ್ಮಾಮಿನಲ್ಲಿದ್ದಾರೆ, ಮಗ ಪಾಸಾಗಿದ್ದಾನೆ ಎಂದುಕೊಂಡು ತಿಂಗಳು ತಿಂಗಳು ಹಣ ಕಳಿಸುತ್ತಾರೆ. ಇಷ್ಟು ಅವನು ಒಂದು ಸಲ ಹೇಳಿದ್ದಾನೆ, ಬರೆಯಲು ಒಪ್ಪಿಗೆಯನ್ನೂ ಕೊಟ್ಟಿದ್ದಾನೆ. ಮುಂದಿನದನ್ನು ಹೇಳಿಲ್ಲ. ನೆಲಗಡಲೆ ಸುಲಿದು ಎಲ್ಲರ ಮುಂದೆ ಒಂದೊಂದು ಹಿಡಿ ಇಡುತ್ತಾನೆ, ಗಂಟೆ ಮುಗಿದ ಮೇಲೆ ಸಿಪ್ಪೆ ಗುಡಿಸುತ್ತಾನೆ. ಅವನನ್ನು ಯಾರೂ ಏನೂ ಕೇಳಿಲ್ಲ. ಪ್ರತಿ ವಾರ ಬರುತ್ತಿದ್ದಾನೆ.